ತಂತ್ರಾಂಶ ವಿನ್ಯಾಸದ ಪಾಠಕ್ಕೂ ಬೇಕು ಒಂದು ಪ್ರಾಯೋಗಿಕ ತಾಕು

ಮಡಿಕೇರಿಯಿಂದ ಸಿದ್ದಾಪುರದ ಕಡೆಗೆ ಸಾಗುವ ರಸ್ತೆಯಲ್ಲಿರುವ ಚೆಟ್ಟಳ್ಳಿ ಕೃಷಿಕರಿಗೆ ಎರಡು ಸಂಸ್ಥೆಗಳಿಂದಾಗಿ ಪರಿಚಿತವಾದ ಊರು. ಒಂದು, 1946ರಲ್ಲಿ ಸ್ಥಾಪನೆಗೊಂಡ ಕಾಫಿ ಮಂಡಳಿಯ ಸಂಶೋಧನಾ ಉಪಕೇಂದ್ರ. ಮತ್ತೊಂದು, ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅಧೀನದಲ್ಲಿರುವ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರ. ಕಾಫಿಯ ತಳಿಯಾಗಲಿ, ಕೊಡಗಿನ ಕಿತ್ತಳೆಯಾಗಲಿ, ಬೆಣ್ಣೆಹಣ್ಣು, ರಂಬುಟಾನ್‌ಗಳಾಗಲಿ, ಕುಂಡದಲ್ಲಿ ಚೆನ್ನಾಗಿ ಚಿಗುರಿದ ಮಾತ್ರಕ್ಕೆ ಬೆಳೆಗಾರರಿಗೆ ಶಿಫಾರಸಾಗುವುದಿಲ್ಲ. ಇಳಿಜಾರಿನ ಮಣ್ಣಿನಲ್ಲಿ, ಜೂನ್ ತಿಂಗಳ ಜಡಿಮಳೆಯಲ್ಲಿ, ಕೀಟ ರೋಗಗಳ ನಡುವೆ ಅದು ಹಲವು ವರ್ಷ ನಿಂತು ತೋರಿಸಬೇಕು. ಅದಕ್ಕಾಗಿಯೇ ಪ್ರಾಯೋಗಿಕ ತಾಕುಗಳಿವೆ. ನೆಟ್ಟು ನೋಡದೆ ಒಪ್ಪಬಾರದೆಂಬುದು ಈ ಊರಿನ ವಿಜ್ಞಾನಿಗಳಿಗೂ ಬೆಳೆಗಾರರಿಗೂ ಸಮಾನವಾದ ವಿವೇಕ.

ಇದೇ ಜಿಲ್ಲೆಯ ಪೊನ್ನಂಪೇಟೆಯಲ್ಲೊಂದು ಎಂಜಿನಿಯರಿಂಗ್ ಕಾಲೇಜಿದೆ. ಕುಶಾಲನಗರದಲ್ಲಿ 2007ರಲ್ಲಿ ಆರಂಭವಾದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ. ವ್ಯಾಪಾರಸ್ಥರ ಮತ್ತು ಸಣ್ಣ ಉತ್ಪಾದಕರ ಮಕ್ಕಳು ಇಲ್ಲಿಯೂ, ಮೈಸೂರು, ಮಂಗಳೂರು, ಬೆಂಗಳೂರುಗಳ ಕಾಲೇಜುಗಳಲ್ಲಿಯೂ ಗಣಕ ವಿಜ್ಞಾನವನ್ನು ಅಭ್ಯಾಸ ಮಾಡುತ್ತಿದ್ದಾರೆ. ಅವರು ನಾಳೆ ಕಟ್ಟಲಿರುವ ತಂತ್ರಾಂಶ ಯಾವುದಾದರೊಂದು ಅಂಗಡಿ, ಗಿರಣಿ ಅಥವಾ ಗೋದಾಮಿನ ಲೆಕ್ಕವನ್ನು ಹೊರಬೇಕಾಗುತ್ತದೆ. ಆದರೆ ತಂತ್ರಾಂಶವನ್ನು ಇಡಿಯಾಗಿ ಹೇಗೆ ರೂಪಿಸಬೇಕೆಂಬ ವಿದ್ಯೆಗೆ ಕಾಲೇಜುಗಳಲ್ಲಿ ಪ್ರಾಯೋಗಿಕ ತಾಕು ಎನ್ನುವಂಥದ್ದು ಇಲ್ಲವೆಂದೇ ಹೇಳಬೇಕು. ಈ ಕೊರತೆಯನ್ನು ಅಧ್ಯಾಪಕರೊಬ್ಬರೇ ತುಂಬಲಾರರು. ವರ್ತಕ ಸಮುದಾಯ ಕೈಜೋಡಿಸಿದರೆ ಮಾತ್ರ ಅದು ಸಾಧ್ಯ, ಮತ್ತು ಕೈಜೋಡಿಸುವುದು ವರ್ತಕರ ಹಿತಕ್ಕೇ ಅಗತ್ಯ.

ವರ್ತಕರಿಗೆ ಈ ವಿಚಾರವೇಕೆ?

ಸಾಫ್ಟ್‌ವೇರ್ ಆರ್ಕಿಟೆಕ್ಚರ್, ಅಂದರೆ ತಂತ್ರಾಂಶದ ವಾಸ್ತುವಿನ್ಯಾಸ ಎಂಬ ಮಾತು ಗೋದಾಮಿನ ಬಾಗಿಲಲ್ಲಿ ತೂಕ ನೋಡುತ್ತ ನಿಂತವರಿಗೆ ದೂರದ್ದೆನಿಸಬಹುದು. ತೋಟದ ಭಾಷೆಯಲ್ಲಿ ಹೇಳಿದರೆ ವಿಷಯ ಸರಳ. ಗೊಬ್ಬರದ ಪ್ರಮಾಣವನ್ನು ಬರುವ ವರ್ಷ ಬದಲಾಯಿಸಬಹುದು. ಔಷಧ ಸಿಂಪಡಿಸುವ ದಿನವನ್ನು ಒಂದು ವಾರ ಮುಂದೂಡಬಹುದು. ಆದರೆ ಗಿಡದಿಂದ ಗಿಡಕ್ಕೆ ಎಷ್ಟು ಅಂತರ, ನೆರಳಿಗೆ ಸಿಲ್ವರ್ ಓಕ್ ಬೇಕೋ ಕಾಡುಮರ ಬೇಕೋ, ಕೆರೆ ಎಲ್ಲಿ, ಕಣ ಎಲ್ಲಿ ಎಂಬ ನಿರ್ಧಾರಗಳು ಒಮ್ಮೆ ತಪ್ಪಿದರೆ ಒಂದು ತಲೆಮಾರು ಅದರ ಫಲ ಉಣ್ಣಬೇಕು. ತಂತ್ರಾಂಶದಲ್ಲಿಯೂ ಹೀಗೆ ಮುಂದೆ ತಿದ್ದಲು ಬಹಳ ವೆಚ್ಚ ತಗಲುವ ನಿರ್ಧಾರಗಳಿವೆ. ಅವುಗಳ ಒಟ್ಟು ಹೆಸರೇ ವಾಸ್ತುವಿನ್ಯಾಸ.

ಕಾಫಿ ವ್ಯಾಪಾರದ ಇತಿಹಾಸವನ್ನೇ ನೋಡಬಹುದು. 1942ರ ಕಾಫಿ ಕಾಯ್ದೆಯ ಆಸರೆಯಲ್ಲಿ ನಡೆದು ಬಂದ ಪೂಲ್ ವ್ಯವಸ್ಥೆ 1990ರ ದಶಕದಲ್ಲಿ ಹಂತಹಂತವಾಗಿ ಸಡಿಲಗೊಂಡು, 1996ರಲ್ಲಿ ಬೆಳೆಗಾರನಿಗೆ ತನ್ನ ಬೆಳೆಯನ್ನು ತಾನೇ ಮಾರುವ ಪೂರ್ಣ ಸ್ವಾತಂತ್ರ್ಯ ದೊರೆಯಿತು. 2005ರ ಏಪ್ರಿಲ್ 1ರಂದು ರಾಜ್ಯದಲ್ಲಿ ಮೌಲ್ಯವರ್ಧಿತ ತೆರಿಗೆ ಜಾರಿಗೆ ಬಂತು. 2017ರ ಜುಲೈ 1ರಂದು ಅದರ ಸ್ಥಾನದಲ್ಲಿ ಜಿಎಸ್‌ಟಿ ಬಂತು. 2018ರ ಏಪ್ರಿಲ್‌ನಲ್ಲಿ ಸರಕು ಸಾಗಣೆಗೆ ಇ-ವೇ ಬಿಲ್ ಬಂತು. 2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿಯ ದರಪಟ್ಟಿಯೇ ಪರಿಷ್ಕೃತವಾಯಿತು. ಈ ಪ್ರತಿಯೊಂದು ದಿನಾಂಕದ ಆಸುಪಾಸಿನಲ್ಲಿ ಲೆಕ್ಕದ ಪುಸ್ತಕವನ್ನೋ ತಂತ್ರಾಂಶವನ್ನೋ ತಿದ್ದಬೇಕಾಯಿತು. ತೆರಿಗೆಯ ಲೆಕ್ಕವನ್ನು ಒಂದೇ ಕಡೆ ಇಟ್ಟು ಕಟ್ಟಿದ ತಂತ್ರಾಂಶದಲ್ಲಿ ಒಂದು ಭಾಗವನ್ನು ಬದಲಾಯಿಸಿದರೆ ಕೆಲಸ ಮುಗಿಯುತ್ತದೆ. ಬಿಲ್ಲಿನ ಪರದೆಯಲ್ಲಿ ಸ್ವಲ್ಪ, ದಾಸ್ತಾನಿನ ವರದಿಯಲ್ಲಿ ಸ್ವಲ್ಪ, ಮುದ್ರಣದ ನಮೂನೆಯಲ್ಲಿ ಸ್ವಲ್ಪ ಎಂದು ದರವನ್ನು ಹಂಚಿ ಬರೆದಿದ್ದಲ್ಲಿ ಇಡೀ ತಂತ್ರಾಂಶವನ್ನೇ ಮೂಲೆಗಿಟ್ಟು ಹೊಸದನ್ನು ಕೊಳ್ಳುವುದು ಅಗ್ಗವೆನಿಸುತ್ತದೆ. ಆ ಖರ್ಚು ಬೀಳುವುದು ವರ್ತಕನ ಮೇಲೆಯೇ.

ಬದಲಾಗಬಹುದಾದ ನಿರ್ಧಾರವನ್ನು ಒಂದು ಭಾಗದೊಳಗೆ ಅಡಗಿಸಿಡಬೇಕು, ಉಳಿದ ಭಾಗಗಳಿಗೆ ಅದರ ಒಳಗುಟ್ಟು ತಿಳಿಯಬಾರದು ಎಂಬ ಸೂತ್ರ ಹೊಸದಲ್ಲ. ಡೇವಿಡ್ ಪಾರ್ನಸ್ ಎಂಬ ವಿದ್ವಾಂಸರು 1972ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇದನ್ನು ಸ್ಪಷ್ಟವಾಗಿ ಪ್ರತಿಪಾದಿಸಿದರು. ಅವರು ಆರಿಸಿಕೊಂಡ ಉದಾಹರಣೆ ಚಿಕ್ಕದು: ಶೀರ್ಷಿಕೆಯಲ್ಲಿರುವ ಪ್ರತಿಯೊಂದು ಪದವನ್ನೂ ಸರದಿಯಂತೆ ಮುಂದಕ್ಕೆ ತಂದು ಅಕಾರಾದಿಯಾಗಿ ಜೋಡಿಸುವ ಸೂಚಿ. ಕೊಡಗಿನ ಕಾಫಿ ಬೆಳೆ ಎಂಬ ಶೀರ್ಷಿಕೆ ಆ ಸೂಚಿಯಲ್ಲಿ ಕೊಡಗಿನ ಎಂಬಲ್ಲಿಯೂ, ಕಾಫಿ ಎಂಬಲ್ಲಿಯೂ, ಬೆಳೆ ಎಂಬಲ್ಲಿಯೂ ಸಿಗುತ್ತದೆ. ಇದೇ ಕೆಲಸವನ್ನು ಎರಡು ರೀತಿಯಲ್ಲಿ ಭಾಗ ಮಾಡಿ, ಒಂದೊಂದು ಬದಲಾವಣೆ ಬಂದಾಗ ಯಾವ ರೀತಿಯಲ್ಲಿ ಎಷ್ಟು ಭಾಗಗಳನ್ನು ಮುಟ್ಟಬೇಕಾಗುತ್ತದೆಂದು ಅವರು ತೋರಿಸಿದರು. ಅಂದರೆ ವಿನ್ಯಾಸದ ಗುಣ ಗೊತ್ತಾಗುವುದು ಅದನ್ನು ಬರೆದ ದಿನವಲ್ಲ, ಬದಲಾವಣೆ ಬಂದ ದಿನ.

ಪಾಠ ಎಲ್ಲಿ ಸೊರಗುತ್ತಿದೆ?

1998ರಲ್ಲಿ ಸ್ಥಾಪನೆಗೊಂಡ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಈ ವಿಷಯವನ್ನು ಕಡೆಗಣಿಸಿತೆಂದು ಹೇಳಲಾಗದು. ಅದರ 2006 ಹಾಗೂ 2010ರ ಪಠ್ಯಕ್ರಮಗಳಲ್ಲಿ ತಂತ್ರಾಂಶ ವಾಸ್ತುವಿನ್ಯಾಸಕ್ಕೆಂದೇ ಒಂದು ಪತ್ರಿಕೆ ಇತ್ತು. ಪಾರ್ನಸ್ ಅವರ ಸೂಚಿಯ ಉದಾಹರಣೆ, ಅಳತೆಯ ಉಪಕರಣಗಳ ತಂತ್ರಾಂಶ, ಚಲಿಸುವ ಯಂತ್ರಮಾನವ, ಕಾರಿನ ವೇಗವನ್ನು ಏಕಪ್ರಕಾರವಾಗಿಡುವ ವ್ಯವಸ್ಥೆ ಇವೆಲ್ಲ ಅದರಲ್ಲಿದ್ದವು. ಉದಾಹರಣೆಗಳು ಕೆಟ್ಟವಲ್ಲ, ಮೇರಿ ಶಾ ಮತ್ತು ಡೇವಿಡ್ ಗಾರ್ಲನ್ ಅವರಂಥ ಹಿರಿಯರು 1996ರ ತಮ್ಮ ಗ್ರಂಥದಲ್ಲಿ ಆಯ್ದುಕೊಟ್ಟವು. ಆದರೆ ಅದು ಸಿದ್ಧಾಂತದ ಪತ್ರಿಕೆ. ಯಾವ ವಿನ್ಯಾಸದಲ್ಲಿ ಯಾವ ಬದಲಾವಣೆ ಸುಲಭವೆಂಬ ಕೋಷ್ಟಕವನ್ನು ಕಂಠಪಾಠ ಮಾಡಿ ಬರೆದವನಿಗೂ, ಅದನ್ನು ಅರಿತು ಬರೆದವನಿಗೂ ಅಂಕ ಒಂದೇ. ಮೇಲಾಗಿ, ಚೆಟ್ಟಳ್ಳಿಯ ತಿರುವು ರಸ್ತೆಯಲ್ಲಿ ಜೀಪು ಓಡಿಸಿ ಬೆಳೆದ ಹುಡುಗನಿಗೆ ಕಾರು ತಾನಾಗಿಯೇ ಒಂದೇ ವೇಗದಲ್ಲಿ ಓಡುವ ಹೆದ್ದಾರಿಯ ಸಮಸ್ಯೆ ಹೇಗೆ ಮನಮುಟ್ಟೀತು?

ಪ್ರಾಯೋಗಿಕ ಕೆಲಸವೆಂದು ಕೊಡುವ ಯೋಜನಾ ಕಾರ್ಯಗಳ ಸ್ಥಿತಿಯೂ ಉತ್ತಮವಾಗಿಲ್ಲ. ಗ್ರಂಥಾಲಯ ನಿರ್ವಹಣೆ, ಆಸ್ಪತ್ರೆ ನಿರ್ವಹಣೆ, ಅಂತರ್ಜಾಲದ ಅಂಗಡಿ ಎಂಬ ಅದದೇ ವಿಷಯಗಳು ವರ್ಷ ವರ್ಷವೂ ಮರಳುತ್ತವೆ. ಅವುಗಳಲ್ಲಿ ವಿದ್ಯುತ್ ಹೋಗುವುದಿಲ್ಲ, ಹಣ ಕಡಿಮೆ ಬೀಳುವುದಿಲ್ಲ, ಗಿರಾಕಿಗೂ ಗುಮಾಸ್ತನಿಗೂ ಭಿನ್ನಾಭಿಪ್ರಾಯವಿರುವುದಿಲ್ಲ, ಸರ್ಕಾರದ ನಿಯಮ ಬದಲಾಗುವುದಿಲ್ಲ. ಚೌಕಗಳನ್ನು ಬರೆದು ಬಾಣಗಳನ್ನು ಹಾಕಿ, ದಪ್ಪ ವರದಿಗೆ ರಟ್ಟು ಕಟ್ಟಿಸಿದರೆ ಕೆಲಸ ಮುಗಿಯಿತು. ದೊಡ್ಡ ನಗರಗಳಲ್ಲಿ ಇಂಥ ಯೋಜನೆಗಳು ಸಿದ್ಧರೂಪದಲ್ಲಿ ಹಣಕ್ಕೆ ಸಿಗುವುದೂ ಗುಟ್ಟಿನ ಸಂಗತಿಯಲ್ಲ. ಈಗಂತೂ ಕೃತಕ ಬುದ್ಧಿಮತ್ತೆಯ ಸಾಧನಗಳು ಅಂಥ ಚಿತ್ರವನ್ನೂ ವರದಿಯನ್ನೂ ಕೆಲವೇ ನಿಮಿಷಗಳಲ್ಲಿ ಬರೆದುಕೊಡುತ್ತವೆ. ಆದ್ದರಿಂದ ಚಿತ್ರಕ್ಕೆ ಅಂಕ ಕೊಡುವ ಕಾಲ ಮುಗಿದಿದೆ. ಯಾವ ಇಕ್ಕಟ್ಟಿನಲ್ಲಿ ಯಾವುದನ್ನು ಬಿಟ್ಟು ಯಾವುದನ್ನು ಹಿಡಿದೆ, ಏಕೆ ಹಿಡಿದೆ ಎಂಬ ವಿವೇಚನೆಗೆ ಅಂಕ ಸಲ್ಲಬೇಕು.

ಚೆಟ್ಟಳ್ಳಿಯ ಒಂದು ಮಾದರಿ

ಅಂಥ ವಿವೇಚನೆಯನ್ನು ಹೊರಗೆಳೆಯುವ ಪ್ರಾಯೋಗಿಕ ಕಾರ್ಯ ಹೇಗಿರಬೇಕು? ಚೆಟ್ಟಳ್ಳಿಯಲ್ಲಿ ಕಾಫಿ ಮತ್ತು ಕರಿಮೆಣಸು ಖರೀದಿಸುವ ಒಂದು ಮಳಿಗೆಯನ್ನು ಕಲ್ಪಿಸಿಕೊಳ್ಳಬಹುದು. ಬೆಳೆಗಾರರು ಚೀಲಗಳಲ್ಲಿ ಚೆರಿ ಅಥವಾ ಪಾರ್ಚ್‌ಮೆಂಟ್ ತರುತ್ತಾರೆ. ತೂಕವಾಗುತ್ತದೆ, ತೇವಾಂಶ ನೋಡುತ್ತಾರೆ, ಮಾದರಿ ತೆಗೆದು ಔಟ್‌ಟರ್ನ್ ಲೆಕ್ಕ ಹಾಕುತ್ತಾರೆ. ರೊಬಸ್ಟಾದ ಬೆಲೆ ಲಂಡನ್ ಮಾರುಕಟ್ಟೆಯನ್ನೂ ಅರೇಬಿಕಾದ ಬೆಲೆ ನ್ಯೂಯಾರ್ಕ್ ಮಾರುಕಟ್ಟೆಯನ್ನೂ ಅನುಸರಿಸಿ ಏರಿಳಿಯುತ್ತದೆ. ಕೆಲವರು ಅಂದೇ ಮಾರುತ್ತಾರೆ. ಕೆಲವರು ಸರಕನ್ನು ಇಟ್ಟು ಬೆಲೆ ಏರಲೆಂದು ಕಾಯುತ್ತಾರೆ. ಕೆಲವರು ಮುಂಗಡ ಪಡೆದಿರುತ್ತಾರೆ. ಈ ಮಳಿಗೆಗೆ ಒಂದು ತಂತ್ರಾಂಶದ ವಿನ್ಯಾಸ ಬೇಕು.

ಅಧ್ಯಾಪಕರು ಸಮಸ್ಯೆಯೊಂದಿಗೆ ಇಕ್ಕಟ್ಟುಗಳನ್ನೂ ಅಂಕಿಗಳಲ್ಲಿಯೇ ಕೊಡಬೇಕು. ಉದಾಹರಣೆಗೆ, ಸುಗ್ಗಿಯ ದಿನಗಳಲ್ಲಿ ದಿನಕ್ಕೆ 150 ವಾಹನಗಳು, ಮಳೆಗಾಲದಲ್ಲಿ ಐದಾರು. ಒಂದು ಗಣಕಯಂತ್ರ, ಎರಡು ಮೊಬೈಲ್. ವೆಚ್ಚದ ಮಿತಿ ಎರಡು ಲಕ್ಷ ರೂಪಾಯಿ. ಗುಮಾಸ್ತನಿಗೆ ಕನ್ನಡ ಮಾತ್ರ ಓದಲು ಬರುತ್ತದೆ. ದೂರವಾಣಿ ಸಂಪರ್ಕ ಎರಡು ದಿನ ಇಲ್ಲದೆ ಹೋಗಬಹುದು. ಕೊನೆಯ ಮಾತು ಊಹೆಯ ಉತ್ಪ್ರೇಕ್ಷೆಯಲ್ಲ. 2018ರ ಆಗಸ್ಟ್‌ನ ಮಳೆ ಮತ್ತು ಭೂಕುಸಿತದಲ್ಲಿ ಜಿಲ್ಲೆಯ ಹಲವು ಭಾಗಗಳು ರಸ್ತೆ, ವಿದ್ಯುತ್, ದೂರವಾಣಿ ಮೂರನ್ನೂ ಕಳೆದುಕೊಂಡು ದಿನಗಟ್ಟಲೆ ಕಾಲ ಕಳೆದುದನ್ನು ಯಾರೂ ಮರೆತಿಲ್ಲ.

ತಂತ್ರಾಂಶ ವೇಗವಾಗಿರಬೇಕು, ಭದ್ರವಾಗಿರಬೇಕು ಎಂಬ ಮಾತುಗಳಿಂದ ಪ್ರಯೋಜನವಿಲ್ಲ. ಲೆನ್ ಬಾಸ್, ಪಾಲ್ ಕ್ಲೆಮೆಂಟ್ಸ್, ರಿಕ್ ಕಾಜ್‌ಮನ್ ಅವರ ಪ್ರಸಿದ್ಧ ಪಠ್ಯಪುಸ್ತಕ ಇಂಥ ಗುಣಗಳನ್ನು ಸನ್ನಿವೇಶಗಳಾಗಿ ಬರೆಯುವುದನ್ನು ಕಲಿಸುತ್ತದೆ. ಯಾರಿಂದ, ಏನು ನಡೆಯಿತು, ಯಾವ ಪರಿಸ್ಥಿತಿಯಲ್ಲಿ, ವ್ಯವಸ್ಥೆಯ ಯಾವ ಭಾಗಕ್ಕೆ, ಅದು ಹೇಗೆ ವರ್ತಿಸಬೇಕು, ಆ ವರ್ತನೆಯನ್ನು ಅಳೆಯುವುದು ಹೇಗೆ ಎಂಬ ಆರು ಅಂಶಗಳು ಅದರಲ್ಲಿರಬೇಕು. ಚೆಟ್ಟಳ್ಳಿಯ ಮಳಿಗೆಗೆ ಅದನ್ನು ಹೀಗೆ ಬರೆಯಬಹುದು: ಜನವರಿಯ ಮಧ್ಯಾಹ್ನ ಸಂಪರ್ಕ ಕಡಿದಿರುವಾಗ ಬೆಳೆಗಾರನೊಬ್ಬ 40 ಚೀಲ ತಂದರೆ ತೂಕದ ಗುಮಾಸ್ತ ಎರಡು ನಿಮಿಷದೊಳಗೆ ಅವನ ಕೈಗೆ ಚೀಟಿ ಕೊಡಬೇಕು, ಸಂಪರ್ಕ ಮರಳಿದಾಗ ಆ ಚೀಟಿ ಮುಖ್ಯ ಲೆಕ್ಕಕ್ಕೆ ಒಮ್ಮೆ ಮಾತ್ರ ಸೇರಬೇಕು, ಎರಡು ಬಾರಿ ಸೇರಬಾರದು, ಬಿಟ್ಟೂ ಹೋಗಬಾರದು. ಈ ಒಂದು ವಾಕ್ಯವನ್ನು ಈಡೇರಿಸಲು ಹೊರಟ ವಿದ್ಯಾರ್ಥಿ ದತ್ತಾಂಶವನ್ನು ಎಲ್ಲಿಡಬೇಕು, ಚೀಟಿಗೆ ಸಂಖ್ಯೆಯನ್ನು ಯಾರು ಕೊಡಬೇಕು, ಎರಡು ಕಡೆಯ ಲೆಕ್ಕ ಹೊಂದದಿದ್ದರೆ ಯಾವುದನ್ನು ನಂಬಬೇಕು ಎಂಬ ಪ್ರಶ್ನೆಗಳನ್ನು ಎದುರಿಸಲೇಬೇಕು. ವಾಸ್ತುವಿನ್ಯಾಸದ ಪಾಠ ಅಲ್ಲಿ ಆರಂಭವಾಗುತ್ತದೆ.

ಐದು ಹೆಜ್ಜೆಗಳು

ಇಂಥ ಕಾರ್ಯವನ್ನು ಒಂದು ಸೆಮಿಸ್ಟರಿನಲ್ಲಿ ಐದು ಹೆಜ್ಜೆಗಳಾಗಿ ನಡೆಸಬಹುದು.

ಮೊದಲನೆಯದು, ಕೇಳಿಸಿಕೊಳ್ಳುವುದು. ನಾಲ್ಕೈದು ವಿದ್ಯಾರ್ಥಿಗಳ ಗುಂಪು ಮಳಿಗೆಯಲ್ಲಿ ಒಂದು ದಿನ ಕುಳಿತು ಮಾಲೀಕ, ಗುಮಾಸ್ತ, ಬೆಳೆಗಾರ, ಲೆಕ್ಕ ಪರಿಶೋಧಕ ಇವರ ಬೇಡಿಕೆಗಳನ್ನು ಬರೆದುಕೊಳ್ಳಬೇಕು. ಬೆಲೆಯ ವಿವರ ಎಲ್ಲರಿಗೂ ಕಾಣಬಾರದೆಂದು ಮಾಲೀಕ ಹೇಳಿದರೆ, ತನ್ನ ಮಾಲಿಗೆ ಹಾಕಿದ ಔಟ್‌ಟರ್ನ್ ತನಗೆ ಕಾಣಲೇಬೇಕೆಂದು ಬೆಳೆಗಾರ ಹೇಳುತ್ತಾನೆ. ತಪ್ಪಾದರೆ ಅಳಿಸಲು ಅವಕಾಶವಿರಲಿ ಎಂದು ಗುಮಾಸ್ತ ಕೇಳಿದರೆ, ಬರೆದದ್ದು ಅಳಿಯಬಾರದೆಂದು ಪರಿಶೋಧಕ ಪಟ್ಟುಹಿಡಿಯುತ್ತಾನೆ. ಪರಸ್ಪರ ವಿರುದ್ಧವಾದ ಮೂರು ಬೇಡಿಕೆಗಳನ್ನಾದರೂ ಹುಡುಕಿ ತರದ ಗುಂಪು ಸರಿಯಾಗಿ ಕೇಳಿಸಿಕೊಂಡಿಲ್ಲವೆಂದೇ ತಿಳಿಯಬೇಕು.

ಎರಡನೆಯದು, ಒಂದರ ಬದಲು ಎರಡು ವಿನ್ಯಾಸಗಳನ್ನು ತರುವುದು. ಎಲ್ಲ ಲೆಕ್ಕವೂ ದೂರದ ಸರ್ವರ್‌ನಲ್ಲಿರುವ ವ್ಯವಸ್ಥೆ ಒಂದು. ಮಳಿಗೆಯಲ್ಲಿಯೇ ಲೆಕ್ಕವಿದ್ದು ಸಂಜೆ ಪ್ರಧಾನ ಕಚೇರಿಗೆ ಕಳುಹಿಸುವ ವ್ಯವಸ್ಥೆ ಇನ್ನೊಂದು. ಎರಡಕ್ಕೂ ಗುಣವಿದೆ, ದೋಷವಿದೆ. ಆರಿಸಿಕೊಂಡದ್ದು ಯಾವುದು, ಯಾವ ಪರಿಸ್ಥಿತಿಯಲ್ಲಿ ಆರಿಸಿದ್ದು, ಅದರಿಂದ ಮುಂದೆ ಏನು ಕಷ್ಟವಾಗಲಿದೆ ಎಂಬುದನ್ನು ಒಂದು ಪುಟದಲ್ಲಿ ಬರೆಯಬೇಕು. ಮೈಕೆಲ್ ನೈಗಾರ್ಡ್ ಎಂಬ ತಂತ್ರಜ್ಞರು 2011ರಲ್ಲಿ ಸೂಚಿಸಿದ ಇಂಥ ಚಿಕ್ಕ ನಿರ್ಧಾರ ಪತ್ರಗಳು ಇಂದು ಉದ್ಯಮದಲ್ಲಿ ವ್ಯಾಪಕವಾಗಿ ಬಳಕೆಯಲ್ಲಿವೆ. ಎಂಬತ್ತು ಪುಟದ ವರದಿಗಿಂತ ಈ ಒಂದು ಪುಟ ಬರೆಯುವುದು ಕಷ್ಟ. ಓದುವ ಅಧ್ಯಾಪಕರಿಗೆ ಮಾತ್ರ ಸುಲಭ.

ಮೂರನೆಯದು, ಎಲುಬುಗೂಡನ್ನು ನಿಲ್ಲಿಸುವುದು. ಇಡೀ ತಂತ್ರಾಂಶವನ್ನು ಕಟ್ಟುವ ಅಗತ್ಯವಿಲ್ಲ. ತೂಕದ ಚೀಟಿ ಹುಟ್ಟಿ ಮುಖ್ಯ ಲೆಕ್ಕಕ್ಕೆ ತಲುಪುವ ಒಂದೇ ಒಂದು ಹಾದಿ ಕೆಲಸ ಮಾಡಿದರೆ ಸಾಕು. ಅದು ಓಡುತ್ತಿರುವಾಗ ಅಧ್ಯಾಪಕರು ಸಂಪರ್ಕದ ತಂತಿಯನ್ನು ಕಿತ್ತು, ಐದು ಚೀಟಿ ಬರೆಸಿ, ಮತ್ತೆ ತಂತಿಯನ್ನು ಜೋಡಿಸಬೇಕು. ಅತ್ತ ಐದೇ ಚೀಟಿ ಕಂಡುಬಂದರೆ ವಿನ್ಯಾಸ ನಿಂತಿತು. ನಾಲ್ಕೋ ಆರೋ ಕಂಡರೆ ಗುಂಪು ತನ್ನ ನಿರ್ಧಾರ ಪತ್ರವನ್ನು ಮತ್ತೆ ತೆರೆಯಬೇಕು. ಯಾವ ವ್ಯಾಖ್ಯಾನವೂ ಕಲಿಸದ್ದನ್ನು ಆ ಹತ್ತು ನಿಮಿಷ ಕಲಿಸುತ್ತದೆ.

ನಾಲ್ಕನೆಯದು, ಬದಲಾವಣೆ. ಇದೇ ಇಡೀ ಕಾರ್ಯದ ಜೀವ. ಎಂಟನೆಯ ವಾರದಲ್ಲಿ ಅಧ್ಯಾಪಕರು, ಮೊದಲೇ ತಿಳಿಸದಿದ್ದ ಒಂದು ಲಕೋಟೆಯನ್ನು ಕೊಡುತ್ತಾರೆ. ಅದರಲ್ಲಿ ಹೊಸ ನಿಯಮವಿರುತ್ತದೆ. ಉದಾಹರಣೆಯನ್ನು ಹುಡುಕಿ ದೂರ ಹೋಗಬೇಕಿಲ್ಲ. ಯುರೋಪ್ ಒಕ್ಕೂಟ 2023ರಲ್ಲಿ ಅರಣ್ಯನಾಶ ತಡೆ ನಿಯಮವನ್ನು ತಂದಿತು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ನೆಲದಲ್ಲಿ ಬೆಳೆದ ಕಾಫಿಗೆ ಅಲ್ಲಿ ಪ್ರವೇಶವಿಲ್ಲ. ಬೆಳೆದ ಜಾಗದ ಭೌಗೋಳಿಕ ವಿವರವನ್ನು ಸರಕಿನೊಂದಿಗೆ ಒದಗಿಸಬೇಕು. ನಿಯಮದ ಅನ್ವಯ ಒಂದಕ್ಕಿಂತ ಹೆಚ್ಚು ಬಾರಿ ಮುಂದೂಡಲ್ಪಟ್ಟಿದ್ದರೂ ರಫ್ತಿನ ಸರಪಳಿಯಲ್ಲಿರುವವರು ಅದಕ್ಕೆ ಸಿದ್ಧರಾಗದೆ ವಿಧಿಯಿಲ್ಲ. ವಿದ್ಯಾರ್ಥಿಯ ವಿನ್ಯಾಸದಲ್ಲಿ ಚೀಲ ಬೆಳೆಗಾರನ ಹೆಸರಿನಲ್ಲಿ ದಾಖಲಾಗಿದೆ. ಆದರೆ ಒಬ್ಬ ಬೆಳೆಗಾರನಿಗೆ ಮೂರು ಕಡೆ ತೋಟವಿರಬಹುದು. ಗೋದಾಮಿನಲ್ಲಿ ಹಲವರ ಸರಕು ಒಂದೇ ರಾಶಿಯಾಗಿ ಬೆರೆತರೆ ಮೂಲವನ್ನು ಹೇಳುವುದು ಹೇಗೆ? ಈಗ ಪಾರ್ನಸ್ ಅವರ ಪರೀಕ್ಷೆಯನ್ನೇ ಮಾಡಬೇಕು: ಈ ಒಂದು ಬದಲಾವಣೆಗೆ ಎಷ್ಟು ಭಾಗಗಳನ್ನು ಮುಟ್ಟಬೇಕಾಯಿತು? ಲೆಕ್ಕವನ್ನು ಪ್ರಾಮಾಣಿಕವಾಗಿ ಬರೆದ ಗುಂಪಿಗೆ, ವಿನ್ಯಾಸ ಸೋತಿದ್ದರೂ, ಪೂರ್ಣ ಅಂಕ ಸಲ್ಲಬೇಕು. ಸೋಲಿನ ಲೆಕ್ಕವನ್ನು ಮುಚ್ಚಿಟ್ಟವರಿಗೆ ಅಂಕ ಕಡಿಮೆಯಾಗಬೇಕು.

ಐದನೆಯದು, ಪರರ ಪರೀಕ್ಷೆ. ಒಂದು ಗುಂಪಿನ ವಿನ್ಯಾಸವನ್ನು ಇನ್ನೊಂದು ಗುಂಪು ಪ್ರಶ್ನಿಸಬೇಕು. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಾಫ್ಟ್‌ವೇರ್ ಎಂಜಿನಿಯರಿಂಗ್ ಸಂಸ್ಥೆ ರೂಪಿಸಿದ ವಿಮರ್ಶಾ ಪದ್ಧತಿಯಲ್ಲಿ ವಿನ್ಯಾಸಕಾರರು, ಬಳಸುವವರು, ಹಣ ಹಾಕುವವರು ಎಲ್ಲರೂ ಕುಳಿತು ಒಂದು ಗುಣಕ್ಕಾಗಿ ಇನ್ನೊಂದನ್ನು ಎಲ್ಲಿ ಬಿಟ್ಟುಕೊಡಲಾಗಿದೆಯೆಂದು ಶೋಧಿಸುತ್ತಾರೆ. ಟೆಡ್ ನ್ಯೂವರ್ಡ್ ಎಂಬವರು ಪ್ರಚಾರಕ್ಕೆ ತಂದ ವಿನ್ಯಾಸದ ಅಭ್ಯಾಸ ಕೂಟಗಳಲ್ಲಿಯೂ ಸಣ್ಣ ಗುಂಪುಗಳು ನಿಗದಿತ ವೇಳೆಯಲ್ಲಿ ಒಂದು ಸಮಸ್ಯೆಗೆ ವಿನ್ಯಾಸ ರಚಿಸಿ ಇತರರ ಮುಂದೆ ಸಮರ್ಥಿಸಿಕೊಳ್ಳುತ್ತವೆ. ಇವುಗಳ ಸರಳ ರೂಪ ತರಗತಿಗೆ ಸಾಕು. ಆದರೆ ಪರೀಕ್ಷಕರ ಸಾಲಿನಲ್ಲಿ ಒಬ್ಬ ನಿಜವಾದ ವರ್ತಕ ಕುಳಿತಿರಬೇಕು. ಸುಗ್ಗಿಯಲ್ಲಿ ಇಷ್ಟು ಗುಂಡಿಗಳನ್ನು ಒತ್ತಲು ತನ್ನ ಗುಮಾಸ್ತನಿಗೆ ಪುರುಸೊತ್ತು ಎಲ್ಲಿದೆ ಎಂದು ಅವರು ಕೇಳುವ ಒಂದು ಪ್ರಶ್ನೆ ಇಡೀ ವಿನ್ಯಾಸವನ್ನು ಅಲುಗಾಡಿಸಬಲ್ಲದು.

ಆಕ್ಷೇಪಗಳು

ಇಂಥ ಸಲಹೆಗೆ ಆಕ್ಷೇಪಗಳು ಸಹಜ. ಅರುವತ್ತು ವಿದ್ಯಾರ್ಥಿಗಳ ತರಗತಿಯಲ್ಲಿ ಒಬ್ಬ ಅಧ್ಯಾಪಕರಿಗೆ ಇಷ್ಟೆಲ್ಲ ಸಾಧ್ಯವೇ ಎಂಬುದು ಮೊದಲನೆಯದು. ಐದು ಜನರಂತೆ ಹನ್ನೆರಡು ಗುಂಪು; ಎಲ್ಲಕ್ಕೂ ಒಂದೇ ಮಳಿಗೆಯ ಸಮಸ್ಯೆ; ಗುಂಪಿಗೆ ಮೂರು ನಿರ್ಧಾರ ಪತ್ರಗಳೆಂದರೆ ಒಟ್ಟು ಮೂವತ್ತಾರು ಪುಟ. ಹನ್ನೆರಡು ದಪ್ಪ ವರದಿಗಳನ್ನು ತಿರುವುವುದಕ್ಕಿಂತ ಇದು ಹಗುರವಾದ ಹೊರೆ. ಎಲ್ಲ ಗುಂಪುಗಳೂ ಮಳಿಗೆಗೆ ನುಗ್ಗಬೇಕಾಗಿಯೂ ಇಲ್ಲ. ಎರಡು ಗುಂಪುಗಳು ಹೋಗಿ ಬಂದು ಉಳಿದವರಿಗೆ ವಿವರ ಒಪ್ಪಿಸಬಹುದು. ಅಂಕಗಳ ವಿಷಯದಲ್ಲಿಯೂ ಈಗ ಅವಕಾಶ ಹೆಚ್ಚಿದೆ. 2006 ಮತ್ತು 2010ರ ಯೋಜನೆಗಳಲ್ಲಿ ಅಂತಿಮ ಪರೀಕ್ಷೆಗೆ 100 ಅಂಕ, ಆಂತರಿಕ ಮೌಲ್ಯಮಾಪನಕ್ಕೆ 25 ಮಾತ್ರ ಇದ್ದವು. 2022ರ ಯೋಜನೆಯಲ್ಲಿ ಎರಡಕ್ಕೂ ಸಮಾನ ತೂಕ ದೊರೆತಿರುವುದರಿಂದ ಅಧ್ಯಾಪಕರ ಕೈ ಅಷ್ಟರಮಟ್ಟಿಗೆ ಸಡಿಲವಾಗಿದೆ.

ಎರಡನೆಯ ಆಕ್ಷೇಪ ವ್ಯಾಪಾರದ ಗುಟ್ಟಿನದು. ಇದು ಸಾಧುವಾದ ಆತಂಕ. ಯಾರಿಗೆ ಎಷ್ಟು ಮುಂಗಡ, ಯಾವ ಬೆಲೆಗೆ ಖರೀದಿ ಎಂಬ ನಿಜವಾದ ಅಂಕಿಗಳನ್ನು ಯಾವ ವರ್ತಕನೂ ಹೊರಗೆಡವಬೇಕಾಗಿಲ್ಲ. ಕೆಲಸದ ಕ್ರಮವಷ್ಟೇ ನಿಜವಾಗಿದ್ದು ಹೆಸರು, ಮೊತ್ತಗಳು ಕಲ್ಪಿತವಾಗಿದ್ದರೆ ಪಾಠಕ್ಕೆ ಯಾವ ಕೊರತೆಯೂ ಇಲ್ಲ.

ಮೂರನೆಯದು, ಬೆಂಗಳೂರಿನ ದೊಡ್ಡ ಕಂಪನಿಗಳಿಗೆ ಹೋಗಲಿರುವ ವಿದ್ಯಾರ್ಥಿಗೆ ಕಾಫಿ ಮಳಿಗೆಯ ಸಮಸ್ಯೆಯಿಂದ ಏನು ಲಾಭವೆಂಬುದು. 2016ರಲ್ಲಿ ಆರಂಭವಾದ ಯುಪಿಐ ಪಾವತಿಯಲ್ಲಿ ಹಣ ಕಳುಹಿಸುವಾಗ ಸಂಪರ್ಕ ಕಡಿದರೆ ಖಾತೆಯಿಂದ ಎರಡು ಬಾರಿ ಹಣ ಕಡಿತವಾಗಬಾರದು. ಚೆಟ್ಟಳ್ಳಿಯ ತೂಕದ ಚೀಟಿ ಎರಡು ಬಾರಿ ದಾಖಲಾಗಬಾರದೆಂಬ ಸಮಸ್ಯೆಯೂ ಅದೇ ಜಾತಿಯದು. ಗಾತ್ರ ಬೇರೆ, ತತ್ತ್ವ ಒಂದೇ. ಚಿಕ್ಕದರಲ್ಲಿ ಕಣ್ಣಾರೆ ಕಂಡವನು ದೊಡ್ಡದರಲ್ಲಿ ಎಡವುವುದು ಕಡಿಮೆ. ಮೊದಲು ಪ್ರೋಗ್ರಾಂ ಬರೆಯುವುದನ್ನೇ ಸರಿಯಾಗಿ ಕಲಿಯದವರಿಗೆ ವಿನ್ಯಾಸವೇಕೆ ಎಂಬ ಮಾತಿನಲ್ಲಿ ಮಾತ್ರ ಸ್ವಲ್ಪ ಹುರುಳಿದೆ. ಆದ್ದರಿಂದಲೇ ಈ ಕಾರ್ಯವನ್ನು ಕೊನೆಯ ಎರಡು ವರ್ಷಗಳಿಗೆ ಮೀಸಲಿಡುವುದು ಉಚಿತ.

ವರ್ತಕರ ಪಾಲು

ವರ್ತಕರು ಕೊಡಬೇಕಾದದ್ದು ಹೆಚ್ಚೇನಲ್ಲ: ಒಂದು ಸಮಸ್ಯೆ, ಒಂದು ದಿನ, ಪ್ರಶ್ನೆಗಳಿಗೆ ಉತ್ತರಿಸಬಲ್ಲ ಒಬ್ಬ ವ್ಯಕ್ತಿ. ಸೆಮಿಸ್ಟರಿನ ಕೊನೆಗೆ ಪರೀಕ್ಷಕರ ಸಾಲಿನಲ್ಲಿ ಅರ್ಧ ದಿನ. ವಾಣಿಜ್ಯ ಮಂಡಳಿಗಳು ಪ್ರತಿ ವರ್ಷ ತಮ್ಮ ಸದಸ್ಯರಿಂದ ಹತ್ತು ಸಮಸ್ಯೆಗಳನ್ನು ಸಂಗ್ರಹಿಸಿ, ಒಂದೊಂದನ್ನೂ ಒಂದೇ ಪುಟದಲ್ಲಿ ಬರೆಯಿಸಿ ಕಾಲೇಜುಗಳಿಗೆ ಒಪ್ಪಿಸಬಹುದು. ಕ್ಯೂರಿಂಗ್ ವರ್ಕ್ಸ್‌ನ ದಾಸ್ತಾನು, ಮೆಣಸಿನ ಮಂಡಿಯ ಖರೀದಿ, ಜೇನು ಸಂಗ್ರಹಣೆ, ಅಕ್ಕಿ ಗಿರಣಿಯ ಕೂಲಿ ಲೆಕ್ಕ, ಹೋಂಸ್ಟೇಗಳ ಕಾಯ್ದಿರಿಸುವಿಕೆ, ಹಾರ್ಡ್‌ವೇರ್ ಅಂಗಡಿಯ ಉದ್ರಿ ಪುಸ್ತಕ ಹೀಗೆ ವಿಷಯಗಳಿಗೆ ಬರವಿಲ್ಲ. ಪ್ರತಿ ಪುಟದಲ್ಲಿಯೂ ಆ ವ್ಯವಹಾರದಲ್ಲಿ ಕಳೆದ ಹತ್ತು ವರ್ಷಗಳಲ್ಲಿ ಬಂದ ಎರಡು ಮೂರು ಬದಲಾವಣೆಗಳನ್ನು ಪ್ರತ್ಯೇಕವಾಗಿ ನಮೂದಿಸಿ ಮುಚ್ಚಿದ ಲಕೋಟೆಯಲ್ಲಿ ಅಧ್ಯಾಪಕರಿಗೆ ಕೊಟ್ಟರೆ ನಾಲ್ಕನೆಯ ಹೆಜ್ಜೆಗೆ ಸಾಮಗ್ರಿ ಸಿದ್ಧ.

ಒಂದು ಎಚ್ಚರಿಕೆ ಮಾತ್ರ ಅಗತ್ಯ. ಇದನ್ನು ಪುಕ್ಕಟೆ ತಂತ್ರಾಂಶ ಪಡೆಯುವ ಹಾದಿಯೆಂದು ವರ್ತಕರು ಭಾವಿಸಬಾರದು. ವಿದ್ಯಾರ್ಥಿಗಳು ಕಟ್ಟುವುದು ಎಲುಬುಗೂಡು. ಅದನ್ನು ನಂಬಿ ನಿಜವಾದ ಸುಗ್ಗಿಯ ಲೆಕ್ಕವನ್ನು ಅದರಲ್ಲಿ ಬರೆದರೆ, ಪರೀಕ್ಷೆ ಮುಗಿಸಿ ಅವರು ಊರು ಬಿಟ್ಟ ಮೇಲೆ ದುರಸ್ತಿಗೆ ಯಾರೂ ಸಿಗುವುದಿಲ್ಲ. ಕಲಿಕೆಯ ಕೆಲಸ ಕಲಿಕೆಗೇ ಇರಲಿ; ವ್ಯವಹಾರದ ತಂತ್ರಾಂಶಕ್ಕೆ ತಕ್ಕ ಬೆಲೆ ಕೊಟ್ಟೇ ಕೊಳ್ಳಬೇಕು. ವರ್ತಕನಿಗೆ ಇದರಿಂದ ದಕ್ಕುವ ಲಾಭ ಬೇರೆ ಬಗೆಯದು. ಹನ್ನೆರಡು ಗುಂಪುಗಳು ಕೇಳುವ ಪ್ರಶ್ನೆಗಳಿಗೆ ಉತ್ತರಿಸಿದ ಮಾಲೀಕನಿಗೆ ತನ್ನ ವ್ಯವಹಾರದಲ್ಲಿ ಯಾವುದು ಬದಲಾಗುವಂಥದ್ದು, ಯಾವುದು ಬದಲಾಗಬಾರದ್ದು ಎಂಬ ಸ್ಪಷ್ಟತೆ ಬರುತ್ತದೆ. ಮುಂದೆ ತಂತ್ರಾಂಶ ಮಾರಲು ಬಂದವರ ಮುಂದೆ ಅವನು ಪರದೆಯ ಬಣ್ಣ ನೋಡಿ ಮರುಳಾಗುವುದಿಲ್ಲ. ಸಂಪರ್ಕವಿಲ್ಲದಾಗ ಏನಾಗುತ್ತದೆ, ತೆರಿಗೆಯ ದರ ಬದಲಾದರೆ ಎಷ್ಟು ಖರ್ಚು, ತನ್ನ ದತ್ತಾಂಶವನ್ನು ಪೂರ್ತಿಯಾಗಿ ಹಿಂದಕ್ಕೆ ಪಡೆಯಬಹುದೇ ಎಂಬ ಮೂರು ಪ್ರಶ್ನೆಗಳನ್ನು ಕೇಳುತ್ತಾನೆ. ಆ ಮೂರಕ್ಕೂ ಬರಹದಲ್ಲಿ ಉತ್ತರ ಪಡೆದ ಮೇಲೆಯೇ ಹಣದ ಮಾತು.

ರೊಬಸ್ಟಾ ಸಸಿ ನೆಟ್ಟು ಮೊದಲ ಫಸಲು ಕಾಣಲು ಮೂರು ನಾಲ್ಕು ವರ್ಷ ಕಾಯುವ ಜನರಿಗೆ, ವಿದ್ಯಾರ್ಥಿಗಳ ವಿಷಯದಲ್ಲಿ ಅಷ್ಟು ತಾಳ್ಮೆ ಕಷ್ಟವಾಗಲಾರದು. ರೊಬಸ್ಟಾ ಕೊಯ್ಲಿನ ದಿನಗಳಲ್ಲಿ ಮಳಿಗೆಯ ನಿಜವಾದ ಒತ್ತಡ ಕಾಣಸಿಗುತ್ತದೆ. ಕಾಲೇಜುಗಳ ಸೆಮಿಸ್ಟರ್ ವೇಳಾಪಟ್ಟಿಯನ್ನು ನೋಡಿಕೊಂಡು ಒಂದು ಭೇಟಿಯನ್ನು ಆ ದಿನಗಳಿಗೆ ಹೊಂದಿಸುವುದು ಕಷ್ಟವೇನಲ್ಲ. ಬರುವ ಸುಗ್ಗಿಗೆ ಮುನ್ನ ಒಬ್ಬ ವರ್ತಕ ತನ್ನ ಸಮಸ್ಯೆಯನ್ನು ಒಂದು ಪುಟದಲ್ಲಿ ಬರೆದು ಹತ್ತಿರದ ಕಾಲೇಜಿನ ಗಣಕ ವಿಜ್ಞಾನ ವಿಭಾಗಕ್ಕೆ ತಲುಪಿಸಿದರೆ, ಮೊದಲ ತಾಕಿನಲ್ಲಿ ಮೊದಲ ಸಸಿ ನೆಟ್ಟಂತಾಗುತ್ತದೆ.